ಟಿಪ್ಪಣಿಯಲ್ಲೇ ಉಳಿದ ಕಾದಂಬರಿ: ಒಂದು ಆಪ್ತಸಲಹೆ ಪ್ರಕರಣ

ಕಾದಂಬರಿಯೊಂದನ್ನು ವರ್ಷಗಟ್ಟಲೆ ಯೋಜಿಸಿ, ಮೊದಲ ಅಧ್ಯಾಯವನ್ನೂ ಬರೆಯಲಾಗದೆ, ನಿದ್ದೆಗೆಟ್ಟು ಸಲಹೆಗೆ ಬರುವವರನ್ನು ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಅವರಲ್ಲಿ ಬಹಳಷ್ಟು ಜನ ತಮ್ಮನ್ನು ತಾವೇ ಸೋಮಾರಿಗಳೆಂದು ಹಳಿದುಕೊಳ್ಳುತ್ತಾರೆ; ಮನೆಯವರೂ ಹಾಗೆಯೇ ನಂಬಿರುತ್ತಾರೆ. ಆ ನಂಬಿಕೆ ಎಷ್ಟು ಅನ್ಯಾಯದ್ದೆಂದು ಈ ಪ್ರಕರಣ ನನಗೆ ಮನವರಿಕೆ ಮಾಡಿಕೊಟ್ಟಿತು. ಬರೆಯಲು ಸಂಬಂಧಪಟ್ಟವರ ಒಪ್ಪಿಗೆಯಿದೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಮಲೆನಾಡಿನ ಅಡಿಕೆ ತೋಟದ ಮನೆತನದವರು, ಪ್ರೌಢಶಾಲೆಯ ಶಿಕ್ಷಕಿ, ನಿವೃತ್ತಿ ಹತ್ತಿರವಿತ್ತು. ಕೆಲವು ಸಣ್ಣ ಕಥೆಗಳು ವಾರಪತ್ರಿಕೆಗಳಲ್ಲಿ ಬಂದಿದ್ದವು. ಬರೆಯಬೇಕೆಂದಿದ್ದ ಕಾದಂಬರಿ 1974ರ ಭೂಸುಧಾರಣೆಯ ಕಾಲದ್ದು. ಗೇಣಿದಾರರು ಏಳನೇ ನಮೂನೆಯಲ್ಲಿ ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ತಾವು ಉಳುತ್ತಿದ್ದ ಜಮೀನು ತಮ್ಮದೆಂದು ಕೇಳಿದ ವರ್ಷಗಳವು. ಆಕೆಯ ಬಳಿ ವಂಶವೃಕ್ಷವಿತ್ತು, ಊರಿನ ನಕ್ಷೆಯಿತ್ತು, ಪಹಣಿಗಳ ಪ್ರತಿಗಳಿದ್ದವು, ಪ್ರತಿ ಪಾತ್ರಕ್ಕೂ ಒಂದೊಂದು ನೋಟುಪುಸ್ತಕವಿತ್ತು. ಕಾದಂಬರಿಯ ಒಂದು ಪುಟವೂ ಇರಲಿಲ್ಲ. ಓದೂ ಕೆಟ್ಟಿತ್ತು. ಯಾವ ಕಾದಂಬರಿ ಹಿಡಿದರೂ ಪೆನ್ಸಿಲ್ ಹಿಡಿದೇ ಓದುವುದು, ಅಧ್ಯಾಯ ಹೇಗೆ ಆರಂಭವಾಯಿತೆಂದು ಗುರುತು ಹಾಕುವುದು, ತನ್ನಿಂದ ಇದು ಆಗದೆಂದು ಅರ್ಧಕ್ಕೇ ಮುಚ್ಚಿಡುವುದು.

ತಯಾರಿಯೇ ಅತಿಯಾಯಿತೇನೋ ಎಂದು ನಾನು ಸೂಚಿಸಿದಾಗ ಆಕೆ ಖಂಡಿಸಿದರು. ಭೈರಪ್ಪನವರು ‘ಪರ್ವ’ ಬರೆಯುವ ಮೊದಲು ಅಷ್ಟೊಂದು ಅಧ್ಯಯನ ಮಾಡಿ, ಹಿಮಾಲಯದ ಕಡೆಗೂ ತಿರುಗಾಡಿ ಬರಲಿಲ್ಲವೇ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ದೀರ್ಘ ತಯಾರಿಯನ್ನು ರೋಗವೆಂದು ಕರೆಯುವ ಸಲಹೆಗಾರರನ್ನು ನಾನು ಒಪ್ಪುವುದಿಲ್ಲ. ಆದರೆ ಕಾದಂಬರಿಗೆ ಬೇಕಾದ ಅಧ್ಯಯನಕ್ಕೆ ಒಂದು ಲಕ್ಷಣವಿದೆ: ಉತ್ತರ ಸಿಕ್ಕಂತೆಲ್ಲ ಪ್ರಶ್ನೆಗಳ ಪಟ್ಟಿ ಕಿರಿದಾಗುತ್ತದೆ. ಆಕೆಯ ಪಟ್ಟಿ ವರ್ಷ ಕಳೆದಂತೆ ಬೆಳೆಯುತ್ತಲೇ ಇತ್ತು. ಹಾಗಾದರೆ ಯಾವುದೋ ಒಂದು ಪ್ರಶ್ನೆಯನ್ನು ಉಳಿದವು ಮರೆಮಾಡುತ್ತಿರಬೇಕು ಎಂದು ನನಗನ್ನಿಸಿತು.

ಮುಂದಿನ ಭೇಟಿಯಲ್ಲಿ ನಾನು ನೋಟುಪುಸ್ತಕಗಳನ್ನು ಬದಿಗಿರಿಸಿ, ಕಥೆಯನ್ನು ಬಾಯಲ್ಲಿ ಹೇಳಲು ಕೇಳಿದೆ. ತೋಟ, ಮನೆ, ಒಕ್ಕಲು, ಮಳೆಗಾಲ ಎಲ್ಲವನ್ನೂ ಸರಾಗವಾಗಿ ಹೇಳಿದರು. ನ್ಯಾಯಮಂಡಳಿಯ ಎದುರು ಒಡೆಯ ನಿಲ್ಲುವ ದಿನಕ್ಕೆ ಬಂದಾಗ, ವಿಚಾರಣೆ ನಡೆದ ಕೊಠಡಿಯಲ್ಲಿ ಯಾರು ಎಲ್ಲಿ ಕುಳಿತಿದ್ದರೆಂಬುದನ್ನು ಬಹಳ ಹೊತ್ತು ವಿವರಿಸಿದರು. ‘ಒಡೆಯ ಏನು ಹೇಳಿದ?’ ಎಂದು ಕೇಳಿದೆ. ಮತ್ತೆ ಕೊಠಡಿಗೇ ಹೋದರು. ನಾನು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದೆ. ಆಕೆ ಸುಮ್ಮನಾದರು, ನಾನೂ ಮಾತಾಡಲಿಲ್ಲ.

‘ಟಿಪ್ಪಣಿಯಲ್ಲಿ ಅಪ್ಪಯ್ಯ ಇನ್ನೂ ಏನೂ ಹೇಳಿಲ್ಲ, ಮೇಡಂ’ ಎಂದರು.

ಅಲ್ಲಿಯವರೆಗೆ ಆಕೆ ‘ಒಡೆಯ’ ಎಂದೇ ಹೇಳುತ್ತಿದ್ದರು. ‘ಅಪ್ಪಯ್ಯ’ ಎಂಬುದು ಮೊದಲ ಸಲ ಬಂದದ್ದು ಆಗ. ಉಳಿದದ್ದು ತುಂಡುತುಂಡಾಗಿ ಬಂತು: ಎರಡು ತಲೆಮಾರಿನಿಂದ ಗೇಣಿಗೆ ಉಳುತ್ತಿದ್ದವನನ್ನು ಅಪ್ಪಯ್ಯ ನ್ಯಾಯಮಂಡಳಿಯ ಮುಂದೆ ಕೇವಲ ಕೂಲಿಯಾಳು ಎಂದರು, ಗೇಣಿಗೆ ರಸೀದಿ ಕೊಡುವ ವಾಡಿಕೆಯೇ ಇರಲಿಲ್ಲವಾದ್ದರಿಂದ ಅವನ ಕೈಯಲ್ಲಿ ಪುರಾವೆ ಇರಲಿಲ್ಲ, ಅರ್ಜಿ ಬಿದ್ದುಹೋಯಿತು. ಆಗ ಆಕೆ ಚಿಕ್ಕ ಮಗು. ಮುಂದೆ ಎಷ್ಟೋ ವರ್ಷಗಳ ನಂತರ ಅಮ್ಮ ತೀರಿಕೊಳ್ಳುವ ಮುಂಚೆ ಹೇಳಿದ್ದು. ಅಪ್ಪಯ್ಯ ಈಗಲೂ ಇದ್ದಾರೆ. ದಿನವೂ ಆಕೆಯ ಕೈಯಿಂದಲೇ ಕಾಫಿ ಕುಡಿಯುತ್ತಾರೆ.

ಆಕೆಗೆ ಕಾದಂಬರಿ ಕಟ್ಟುವ ವಿದ್ಯೆ ಗೊತ್ತಿರಲಿಲ್ಲವೆಂದಲ್ಲ. ಯೋಜನೆ ಮುಂದುವರಿಯುವಷ್ಟು ಕಾಲ ಅಪ್ಪಯ್ಯ ಆ ಸುಳ್ಳನ್ನು ಹೇಳದೆ ಉಳಿಯುತ್ತಿದ್ದರು, ಅಷ್ಟೆ. ಇದನ್ನು ಸೋಮಾರಿತನ ಎನ್ನುವುದು ಹೇಗೆ?

ನಾನು ಕೊಟ್ಟ ಸಲಹೆ ಹೀಗಿತ್ತು. ಯೋಜನೆಯಲ್ಲಿ ಬಹಳ ಹಿಂದೆ ಬೀಳುವ ಆ ವಿಚಾರಣೆಯ ದೃಶ್ಯವನ್ನೇ ಮೊದಲು ಬರೆಯಬೇಕು, ಅದೂ ಒಕ್ಕಲಿನವನ ಕಣ್ಣಿನಿಂದ. ಮಗಳ ಕಣ್ಣಿನಿಂದ ಬರೆದರೆ ಅಪ್ಪಯ್ಯನ ಪರವಾಗಿ ವಾದಿಸುವುದೋ ದೂರುವುದೋ ಎಂಬಲ್ಲಿಗೇ ಮನಸ್ಸು ಸಿಕ್ಕಿಬೀಳುತ್ತಿತ್ತು. ಕಟಕಟೆಯ ಆಚೆ ನಿಂತವನಿಗೆ ಅಂದು ಏನಾಯಿತೆಂಬುದು ಕಾದಂಬರಿಕಾರರ ಪ್ರಶ್ನೆ. ನೋಟುಪುಸ್ತಕಗಳು ಬೀರುವಿನೊಳಗೆ ಇರಲಿ. ಗೊತ್ತಿಲ್ಲದ ವಿವರ ಎದುರಾದರೆ ಅಲ್ಲಿ ಜಾಗ ಬಿಟ್ಟು ಮುಂದೆ ಹೋಗಬೇಕು. ಶಾಲೆಗೆ ಹೊರಡುವ ಮುನ್ನ ಗೊತ್ತಾದ ಹೊತ್ತಿಗೆ ಕುಳಿತು, ಹೊತ್ತು ಮುಗಿದೊಡನೆ ವಾಕ್ಯ ಅರ್ಧವಾಗಿದ್ದರೂ ಏಳಬೇಕು. ಬಹುಕಾಲ ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ಬರೆದ, ಒಟ್ಟು ನಲವತ್ತೇಳು ಕಾದಂಬರಿಗಳ ಇಂಗ್ಲಿಷ್ ಲೇಖಕ ಆಂಟನಿ ಟ್ರೋಲಪ್ ಬೆಳಗ್ಗೆ ಐದೂವರೆಗೆ ಮೇಜಿಗೆ ಕೂರುತ್ತಿದ್ದರು, ಮೊದಲ ಅರ್ಧ ಗಂಟೆ ಹಿಂದಿನ ದಿನದ್ದನ್ನು ಓದಿ, ಆಮೇಲೆ ಗಡಿಯಾರ ಎದುರಿಟ್ಟು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. ಆ ಲೆಕ್ಕ ಬೇಡ, ಹಿಂದಿನ ದಿನದ ಪುಟ ಓದಿ ಕೂರುವ ಅಭ್ಯಾಸ ಮಾತ್ರ ಸಾಕು ಎಂದೆ.

ಒಂದು ಎಚ್ಚರಿಕೆಯನ್ನೂ ಕೊಟ್ಟೆ. ನೋವಿನ ಅನುಭವಗಳನ್ನು ಬರೆಯುವುದರ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೆದ ಕೂಡಲೇ ಅದರಲ್ಲಿ ಭಾಗವಹಿಸಿದ ವಿದ್ಯಾರ್ಥಿಗಳ ಮನಸ್ಸು ಇನ್ನಷ್ಟು ಕುಗ್ಗಿತ್ತು. ಪ್ರಯೋಜನ ಕಂಡದ್ದು ತಿಂಗಳುಗಳ ಮೇಲೆ. ಆದ್ದರಿಂದ ಬರೆದ ದಿನ ಮನಸ್ಸು ಭಾರವಾದರೆ ಅದನ್ನು ಸೋಲೆಂದು ಎಣಿಸಬಾರದು. ಭಾರ ಇಳಿಯದೆ ಉಳಿದರೆ, ನಿದ್ದೆ ಇನ್ನೂ ಕೆಟ್ಟರೆ, ಬರವಣಿಗೆ ನಿಲ್ಲಿಸಿ ನನ್ನಲ್ಲಿಗೆ ಬರಬೇಕು. ಓದಿಗೆ ಸಂಜೆಯನ್ನು ಬಿಡಿಸಿಕೊಟ್ಟೆ: ತನ್ನ ವಸ್ತುವಿಗೆ ಸಂಬಂಧವೇ ಇಲ್ಲದ ಕಾದಂಬರಿ, ಪೆನ್ಸಿಲ್ ಇಲ್ಲದೆ, ಕೊನೆಯವರೆಗೆ.

ಬರೆದ ದೃಶ್ಯವನ್ನು ತಂದಾಗ ನಾನು ಓದಲು ಒಪ್ಪಲಿಲ್ಲ. ಇದು ಕಠಿಣವಾಯಿತೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ನನ್ನ ನಿಲುವು ಬದಲಾಗಿಲ್ಲ. ನಾನು ಮೆಚ್ಚಿದ್ದರೆ ಆಕೆ ನನ್ನ ಮೆಚ್ಚುಗೆಗಾಗಿ ಬರೆಯುತ್ತಿದ್ದರು. ಮೆಚ್ಚದಿದ್ದರೆ ಮತ್ತೆ ಟಿಪ್ಪಣಿಗೆ ಮರಳುತ್ತಿದ್ದರು. ಸಾಹಿತ್ಯದ ತೀರ್ಪು ಕೊಡುವ ಅರ್ಹತೆಯೂ ನನಗಿಲ್ಲ. ಬದಲಿಗೆ, ಬರೆಯುವಾಗ ಎಲ್ಲಿ ಕೈ ನಿಂತಿತೆಂದು ಕೇಳಿದೆ. ಅಪ್ಪಯ್ಯನ ಮಾತಿನ ಹತ್ತಿರ ನಿಲ್ಲಲಿಲ್ಲವಂತೆ. ಸೋತು ಮನೆಗೆ ನಡೆಯುವಾಗ ಒಕ್ಕಲಿನವನು ಹೆಂಡತಿಗೆ ಏನು ಹೇಳಿದನೆಂಬಲ್ಲಿ ನಿಂತಿತಂತೆ. ಅದಕ್ಕೆ ಯಾವ ದಾಖಲೆಯಲ್ಲೂ ಉತ್ತರವಿಲ್ಲ, ಕಲ್ಪಿಸಿಕೊಳ್ಳಲೇಬೇಕು ಎಂದು ಆಕೆಯೇ ಹೇಳಿದರು.

ಕಾದಂಬರಿ ಇನ್ನೂ ಮುಗಿದಿಲ್ಲ. ಅಪ್ಪಯ್ಯನಿಗೆ ತೋರಿಸಬೇಕೇ ಎಂಬ ಪ್ರಶ್ನೆ ಪ್ರತಿ ಭೇಟಿಯಲ್ಲೂ ಬರುತ್ತದೆ. ಮೊದಲ ಕರಡು ಪೂರ್ಣವಾಗುವವರೆಗೆ ಯಾರಿಗೂ ತೋರಿಸದಿರಲು ಹೇಳಿದ್ದೇನೆ. ಪ್ರಕಾಶಕರ ಬಳಿಗೆ ಹೋಗುವ ಮೊದಲು ಮಾತ್ರ ತಮ್ಮನೊಂದಿಗೆ ಮಾತಾಡಬೇಕು, ಊರು ಮತ್ತು ಹೆಸರುಗಳನ್ನು ಪೂರ್ತಿ ಬದಲಿಸಬೇಕು. ಏಕೆಂದರೆ ಆ ಒಕ್ಕಲಿನ ಮಕ್ಕಳೂ ಅದೇ ಊರಿನಲ್ಲಿದ್ದಾರೆ, ಮತ್ತು ಆ ದಿನದ ಕಥೆಯ ಮೇಲೆ ಅವರಿಗೂ ಹಕ್ಕಿದೆ.