ತಾರಸಿ ತೋಟ ತೆಗೆಯಿರಿ ಎಂದು ಅಸೋಸಿಯೇಷನ್ ನೋಟಿಸ್ ಕೊಟ್ಟಾಗ

ಅಕ್ಕಾ, ನಿಮ್ಮ ಪೋಸ್ಟ್ ಓದಿ ಸಂಕಟ ಆಯ್ತು. ತಾರಸಿ ಮೇಲೆ ನಾಲ್ಕು ವರ್ಷ ಸಾಕಿದ 60 ಗ್ರೋ ಬ್ಯಾಗ್‌ಗಳನ್ನು (ಗಿಡ ಬೆಳೆಸುವ ಚೀಲಗಳನ್ನು) 15 ದಿನದಲ್ಲಿ ಖಾಲಿ ಮಾಡಿ, ಇಲ್ಲದಿದ್ದರೆ ನಾವೇ ಎತ್ತಿ ಹಾಕುತ್ತೇವೆ ಅಂತ ಬಾಗಿಲಿಗೆ ನೋಟಿಸ್ ಅಂಟಿಸಿದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಆದರೆ ಮೇಲಿನ ಕಾಮೆಂಟ್‌ಗಳಲ್ಲಿ ಇಬ್ಬರು "ಮೇಂಟೆನೆನ್ಸ್ ಕಟ್ಟಬೇಡಿ, ತಾವಾಗಿ ದಾರಿಗೆ ಬರುತ್ತಾರೆ" ಅಂದಿದ್ದಾರಲ್ಲ, ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ. ನಾನೂ ಬೆಂಗಳೂರಲ್ಲಿ ತಾರಸಿ ಮೇಲೆ ತರಕಾರಿ ಬೆಳೆಯುತ್ತೇನೆ, ಎರಡು ವರ್ಷ ನಮ್ಮ ಅಸೋಸಿಯೇಷನ್‌ನಲ್ಲಿ ಸೆಕ್ರೆಟರಿಯೂ ಆಗಿದ್ದೆ. ಹಾಗಾಗಿ ಎರಡೂ ಕಡೆಯ ಮಾತು ಗೊತ್ತು.

ಮೊದಲು ತಾರಸಿ ಯಾರದು ಅನ್ನೋದು ನೋಡಿ. ಟಾಪ್ ಫ್ಲೋರ್ ಕೊಂಡಿದ್ದೀರಿ, ತಾರಸಿ ನಿಮ್ಮದೇ ಅಂತ ಬಿಲ್ಡರ್ ಬಾಯಿಮಾತಲ್ಲಿ ಹೇಳಿದ್ದರೆ ಅದು ನಿಲ್ಲುವುದಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯ ಪ್ರಕಾರ, ಡೀಡ್ ಆಫ್ ಡಿಕ್ಲರೇಷನ್‌ನಲ್ಲಿ (ಕಟ್ಟಡದಲ್ಲಿ ಯಾವುದು ಯಾರದು ಅಂತ ಬರೆದ ನೋಂದಾಯಿತ ಘೋಷಣಾ ಪತ್ರದಲ್ಲಿ) ಬೇರೆ ಥರ ಬರೆದಿಲ್ಲದಿದ್ದರೆ, ಮೇಲ್ಛಾವಣಿ ಎಲ್ಲರಿಗೂ ಸೇರಿದ ಜಾಗ. 2016ರ ರೇರಾ ಕಾಯ್ದೆ (ರಿಯಲ್ ಎಸ್ಟೇಟ್ ನಿಯಂತ್ರಣದ ಕೇಂದ್ರ ಕಾಯ್ದೆ) ಕಾಮನ್ ಏರಿಯಾ ಪಟ್ಟಿಯಲ್ಲಿ ತಾರಸಿಯ ಹೆಸರನ್ನೇ ಹೇಳುತ್ತದೆ. ಅಂದರೆ 24 ಮನೆಯಿದ್ದರೆ 24 ಮನೆಯವರಿಗೂ ಅದರಲ್ಲಿ ಪಾಲಿದೆ, ಈ ಮೂಲೆ ನನ್ನದು, ಆ ಮೂಲೆ ನಿನ್ನದು ಅಂತ ಗೆರೆ ಎಳೆಯುವ ಹಾಗಿಲ್ಲ. ಬಳಸಬಹುದು, ಆದರೆ ಬೇರೆಯವರ ಬಳಕೆಗೆ ಅಡ್ಡಿ ಆಗಬಾರದು.

ಆ ಡೀಡ್ ನಿಮ್ಮ ಹತ್ತಿರ ಇಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಕಲು ತೆಗೆಸಿ. ಅದರ ಜೊತೆ ಬೈಲಾ (ಅಸೋಸಿಯೇಷನ್ನಿನ ನಿಯಮಾವಳಿ) ಮತ್ತು ನಿಮ್ಮ ಸೇಲ್ ಡೀಡ್, ಮೂರನ್ನೂ ಕೂತು ಓದಿ. ನಿಮ್ಮದು 1960ರ ಸೊಸೈಟಿ ಕಾಯ್ದೆಯಡಿ ನೋಂದಣಿಯಾದ ಸಂಘವೋ, 1972ರ ಕಾಯ್ದೆಯದ್ದೋ ಅನ್ನೋದನ್ನೂ ಖಚಿತ ಮಾಡಿಕೊಳ್ಳಿ, ಬೆಂಗಳೂರಲ್ಲಿ ಎರಡೂ ಥರ ಇವೆ, ವಕೀಲರು ಮೊದಲು ಕೇಳುವುದೇ ಅದನ್ನು.

ಈಗ ಮೇಂಟೆನೆನ್ಸ್ ವಿಷಯ. ಕಾಮನ್ ಜಾಗ ನಾನು ಬಳಸುತ್ತಿಲ್ಲ, ಬಳಸಲು ಬಿಡುತ್ತಿಲ್ಲ, ಹಾಗಾಗಿ ಕೊಡಲ್ಲ ಅನ್ನೋ ವಾದಕ್ಕೆ 1972ರ ಕಾಯ್ದೆಯಲ್ಲಿ ಜಾಗವೇ ಇಲ್ಲ. ಬಾಕಿ ಉಳಿಸಿದರೆ ಅದು ನಿಮ್ಮ ಮನೆಯ ಮೇಲೆ ಋಣಭಾರವಾಗಿ ಕೂರುತ್ತದೆ, ನಾಳೆ ಮಾರುವಾಗ ತಲೆನೋವು. ಅದಕ್ಕಿಂತ ಮುಖ್ಯವಾಗಿ, ಇವತ್ತು ನಿಮ್ಮ ಕಡೆ ಇರುವ ಅಕ್ಕಪಕ್ಕದವರೂ ದೂರ ಆಗುತ್ತಾರೆ.

ಹಾಗಂತ ಕಮಿಟಿಯವರು ರಾತ್ರೋರಾತ್ರಿ ಬಂದು ಬ್ಯಾಗ್ ಎತ್ತಿ ಎಸೆಯುವ ಹಾಗೂ ಇಲ್ಲ. ಬೈಲಾ ಮೀರಿದವರ ಮೇಲೆ 1972ರ ಕಾಯ್ದೆ ತೋರಿಸುವ ದಾರಿ ಕೋರ್ಟು: ತಡೆಯಾಜ್ಞೆ, ಇಲ್ಲವೇ ನಷ್ಟ ಪರಿಹಾರ. ಗಿಡ, ಮಣ್ಣು, ಬ್ಯಾಗ್ ನಿಮ್ಮ ಸ್ವತ್ತು. ಇದನ್ನು ಜಗಳದ ದನಿಯಲ್ಲಿ ಅಲ್ಲ, ಎರಡು ಸಾಲಿನ ಪತ್ರದಲ್ಲಿ ಬರೆದು ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ. ಈ ತೀರ್ಮಾನ ಯಾವ ಮೀಟಿಂಗ್‌ನಲ್ಲಿ ಆಯ್ತು, ಅದರ ಮಿನಿಟ್ಸ್ (ಸಭೆಯ ನಡಾವಳಿ) ಕೊಡಿ ಅಂತಲೂ ಅದರಲ್ಲೇ ಕೇಳಿ.

ಆದರೆ ಅಕ್ಕಾ, ತಾರಸಿ ಸೋರುತ್ತದೆ, ಭಾರ ಜಾಸ್ತಿ ಆಗುತ್ತದೆ ಅನ್ನೋ ಕಮಿಟಿಯವರ ಭಯ ಸುಳ್ಳಲ್ಲ. ನನ್ನದೇ ಅನುಭವ ಹೇಳುತ್ತೇನೆ. ಮಳೆನೀರು ಇಳಿಯುವ ಪೈಪಿನ ಬಾಯಿಗೆ ಒಂದು ಗೇಣು ದೂರದಲ್ಲಿ ನನ್ನ ಬದನೆ ಬ್ಯಾಗ್ ಇತ್ತು. ಒಣ ಎಲೆ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿ ಜಾಲರಿ ಕಟ್ಟಿಕೊಂಡಿತು, ಒಂದು ರಾತ್ರಿಯ ಮಳೆಗೆ ತಾರಸಿ ಮೇಲೆ ಪಾದ ಮುಳುಗುವಷ್ಟು ನೀರು. ಬೆಳಗ್ಗೆ ಕೆಳಗಿನ ಮನೆಯ ಅಜ್ಜಿ ಕರೆದು ತೋರಿಸಿದರು, ಅವರ ಮಂಚದ ಮೇಲೇ ಸೂರಿನಲ್ಲಿ ಚಾಪೆಯಷ್ಟು ಅಗಲದ ಒದ್ದೆ ಕಲೆ, ನಡುವೆ ಬಣ್ಣ ಉಬ್ಬಿ ಹನಿ ತೊಟ್ಟಿಕ್ಕುತ್ತಿತ್ತು. ಪೂರ್ತಿ ರಿಪೇರಿ ಖರ್ಚು ನಾನೇ ಕೊಟ್ಟೆ. ಅವತ್ತಿಂದ ಪೈಪಿನ ಸುತ್ತ ಎರಡು ಅಡಿ ಖಾಲಿ ಬಿಡುತ್ತೇನೆ, ಎಲ್ಲ ಬ್ಯಾಗ್ ಸ್ಟ್ಯಾಂಡ್ ಮೇಲೆ, ನೆಲ ಗುಡಿಸಲು ಪೊರಕೆ ಅಡಿಯಲ್ಲಿ ಹೋಗಬೇಕು.

ಭಾರದ ಲೆಕ್ಕವೂ ಇದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದಲ್ಲಿ ಲೈವ್ ಲೋಡ್ (ಕಟ್ಟಡದ ಸ್ವಂತ ತೂಕ ಬಿಟ್ಟು ಮೇಲೆ ಬೀಳುವ ಭಾರ) ಚದರ ಮೀಟರಿಗೆ ಸುಮಾರು 150 ಕೆಜಿ. 15 ಇಂಚಿನ ಬ್ಯಾಗಿಗೆ ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದರೆ ಒಂದೇ 60 ಕೆಜಿ ದಾಟುತ್ತದೆ, ನಾಲ್ಕನ್ನು ಒತ್ತಾಗಿ ಇಟ್ಟರೆ ಅಲ್ಲಿಗೆ ಲೆಕ್ಕ ತಪ್ಪಿತು. ಮಣ್ಣು ಕಮ್ಮಿ ಮಾಡಿ ಕೋಕೋಪೀಟ್, ಕಾಂಪೋಸ್ಟ್ ಜಾಸ್ತಿ ಮಾಡಿ, ಭಾರದ ಡ್ರಮ್‌ಗಳನ್ನು ಸ್ಲ್ಯಾಬಿನ ನಡುವೆ ಇಡದೆ ಬೀಮ್ ಇರುವ ಕಡೆ ಸರಿಸಿ. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಒಂದು ಪತ್ರ ಬರೆಸಿ. ಆ ಒಂದು ಹಾಳೆ ಹತ್ತು ಮೀಟಿಂಗಿನ ವಾದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ನೀರಿನ ಪ್ರಶ್ನೆ ಬಂದೇ ಬರುತ್ತದೆ. 2024ರ ಮಾರ್ಚ್‌ನಲ್ಲಿ ಬರಗಾಲದ ಹೊತ್ತಿಗೆ ಜಲಮಂಡಳಿ ಗಿಡಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂದಿತ್ತು, ನೆನಪಿದೆಯಲ್ವಾ. ತಾರಸಿ ಟ್ಯಾಂಕಿನ ನಲ್ಲಿಗೆ ಪೈಪ್ ಹಾಕಬೇಡಿ. ಅಕ್ಕಿ ತೊಳೆದ ನೀರು, ಮಳೆನೀರಿನ ಡ್ರಮ್ ಇಷ್ಟರಲ್ಲೇ ನಡೆಸುತ್ತೇನೆ ಅಂತ ಬರೆದು ಕೊಡಿ.

ಇಷ್ಟೆಲ್ಲ ಸೇರಿಸಿ ಎಲ್ಲ ಮಾಲೀಕರು ಸೇರುವ ಜನರಲ್ ಬಾಡಿ ಸಭೆಗೆ ಅರ್ಜಿ ಹಾಕಿ: ಇಷ್ಟು ಜಾಗ, ಇಷ್ಟು ಬ್ಯಾಗ್, ಸೋರಿದರೆ ನನ್ನ ಖರ್ಚು, ವಾಟರ್‌ಪ್ರೂಫಿಂಗ್ ಮಾಡಿಸುವಾಗ ಖಾಲಿ ಮಾಡಿ ಕೊಡುತ್ತೇನೆ, ಬೇರೆ ಮನೆಯವರೂ ಬೆಳೆಯಲು ಬಂದರೆ ಜಾಗ ಹಂಚಿಕೊಳ್ಳುತ್ತೇನೆ. ಒಪ್ಪಿದರೆ ಮಿನಿಟ್ಸ್‌ನಲ್ಲಿ ಬರೆಸಿ. ಕಮಿಟಿ ಬದಲಾದಾಗ ಬಾಯಿಮಾತಿನ ಒಪ್ಪಿಗೆ ಉಳಿಯಲ್ಲ.

ಇನ್ನೊಂದು, ನಿಮ್ಮ ಫೋಟೋದಲ್ಲಿ ಮೆಟ್ಟಿಲ ಪಕ್ಕ ಆರೇಳು ಕುಂಡ ಕಾಣುತ್ತಿವೆ. ಬೆಂಕಿ ಬಿದ್ದರೆ ಜನ ಇಳಿಯುವ ದಾರಿ ಅದು. ಅವನ್ನು ಯಾರೂ ಹೇಳುವ ಮುಂಚೆ ಇವತ್ತೇ ಬಾಲ್ಕನಿಗೆ ತಂದುಕೊಳ್ಳಿ.