ಡ್ರೋನ್ ಕೆಳಗಿಳಿಸಿ, ಕಪ್ ತೋರಿಸಿ

ನಮಸ್ಕಾರ,

ನಿಮ್ಮ ಕ್ರೈಮ್ ಥ್ರಿಲ್ಲರ್‌ನ ಮೊದಲ ಅಧ್ಯಾಯ ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನಾಲ್ಕನೇ ಪುಟದಲ್ಲಿ ಎರಡು ಸಾಲಿವೆ. ಅವುಗಳಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

'ಸಿನಿಮಾ ನೋಡಿದ ಹಾಗೆ ಓದಿಸಬೇಕು' ಎಂದು ಪತ್ರದಲ್ಲಿ ಹೇಳಿದ್ದೀರಿ. ಆಸೆ ತಪ್ಪಲ್ಲ. ಸಿನಿಮಾದಿಂದ ಏನನ್ನು ಎತ್ತಿಕೊಂಡಿರಿ ಅನ್ನುವಲ್ಲಿ ಎಡವಿದ್ದೀರಿ. ಆಕಾಶದಿಂದ ಕಾಣುವ ನಗರ, ಮಳೆ, ಬೀದಿ, ಕಟ್ಟಡ, ಮೂರನೇ ಮಹಡಿ, ಕಿಟಕಿ, ಕೊನೆಗೂ ಹೆಣ. ಡ್ರೋನ್ ಇದನ್ನು ಅರ್ಧ ನಿಮಿಷದಲ್ಲಿ ಮುಗಿಸುತ್ತದೆ. ನಿಮಗೆ ಮೂರು ಪುಟ ಹಿಡಿದಿದೆ! ಪ್ರೇಕ್ಷಕನಿಗೆ ಇಡೀ ಬೀದಿ ಒಂದೇ ನೋಟಕ್ಕೆ ಸಿಗುತ್ತದೆ. ಓದುಗನಿಗೆ ಒಂದೊಂದೇ ಪದ ಸಿಗುತ್ತದೆ. ಯಾವ ಪದ ಮೊದಲು ಬರಬೇಕು, ಯಾವುದನ್ನು ತಡೆದಿಡಬೇಕು ಅನ್ನೋದೇ ನಿಮ್ಮ ಕೈಯಲ್ಲಿರುವ ಕ್ಯಾಮೆರಾ.

ಇನ್ನು ಆ ನಾಲ್ಕನೇ ಪುಟ: 'ಸಿಂಕ್‌ನಲ್ಲಿ ಎರಡು ಕಪ್ ಇದ್ದವು. ಒಂದನ್ನು ಯಾರೋ ತೊಳೆದಿದ್ದರು.'

ಇದು ಕ್ಲೋಸಪ್. ಮಳೆಗಿಳೆ ಎಲ್ಲ ಕಿತ್ತುಹಾಕಿ ಇಲ್ಲಿಂದಲೇ ಶುರು ಮಾಡಿ ನೋಡಿ. ಇಬ್ಬರಿದ್ದರು. ಒಬ್ಬರು ತಮ್ಮ ಗುರುತು ಅಳಿಸಿಕೊಂಡು ಹೋಗಿದ್ದಾರೆ, ಅದೂ ಆತುರವಿಲ್ಲದೆ. ಹೆಣ ಇನ್ನೂ ಕಂಡಿಲ್ಲ, ಓದುಗ ಆಗಲೇ ಹುಡುಕೋಕೆ ಶುರುಮಾಡಿದ್ದಾನೆ. ಆದರೆ ನೀವು ಸುಮ್ನಿರದೆ ಮುಂದಿನ ಸಾಲಿನಲ್ಲೇ 'ಕೊಲೆಗಾರ ಪರಿಚಿತನೇ ಎಂಬುದಕ್ಕೆ ಇದು ಸುಳಿವಾಗಿತ್ತು' ಅಂತ ಬರೆದಿದ್ದೀರಿ. ಹಿನ್ನೆಲೆ ಸಂಗೀತ ಜಾಸ್ತಿಯಾಯ್ತು. ಜೊತೆಗೆ 'ಪರಿಚಿತನೇ' ಅಂದುಬಿಟ್ಟಿರಿ, ಗಂಡಸು ಅಂತ ಗೊತ್ತಾಯ್ತು.

ಇಲ್ಲೇ ನಮ್ಮ ಭಾಷೆಯ ಒಂದು ಫಜೀತಿ ಇದೆ. ತೆರೆಯ ಮೇಲೆ ಬರೀ ಬೂಟು, ಕೈಗವಸು ತೋರಿಸಿ ಆಳನ್ನು ಮುಚ್ಚಿಡಬಹುದು. ಕನ್ನಡದಲ್ಲಿ 'ಬಂದ' ಅಂದರೂ ಕೆಟ್ಟಿತು, 'ಬಂದಳು' ಅಂದರೂ ಕೆಟ್ಟಿತು. ಅದಕ್ಕೇ ನೀವು ಆರು ಸಲ 'ಆ ಆಕೃತಿ ಬಂದಿತು, ನಿಂತಿತು, ನಕ್ಕಿತು' ಅಂದಿರೋದು. ಆಕೃತಿ ನಗೋದು ದೆವ್ವದ ಕಥೆಯಲ್ಲಿ. 'ಕೈಗವಸು ತೊಟ್ಟ ಕೈ ಚಿಲಕ ಸರಿಸಿತು' ಅನ್ನಿ. ಕೈ ಅಂದಮೇಲೆ 'ಸರಿಸಿತು' ಸಹಜ, ಯಾರ ಕೈ ಅಂತ ಯಾರೂ ಕೇಳಲ್ಲ. ಒಂದು ದೃಶ್ಯಕ್ಕೆ ಇದು ಸಾಕು, ಎಳೆದರೆ ಓದುಗನಿಗೆ ಆಟ ಗೊತ್ತಾಗುತ್ತದೆ. ಅದಕ್ಕಿಂತ ಉದ್ದ ಬೇಕಿದ್ದರೆ ಕೊಲೆಗಾರರ ಬಾಯಲ್ಲೇ ಹೇಳಿಸಿ. 'ನಾನು ಬಾಗಿಲು ತಳ್ಳಿದೆ' ಅಂದರೆ ಹೆಣ್ಣೋ ಗಂಡೋ ಯಾರಿಗೂ ತಿಳಿಯುವುದಿಲ್ಲ. ಈ ಅನುಕೂಲ ಕ್ಯಾಮೆರಾಗೂ ಇಲ್ಲ.

ಇನ್‌ಸ್ಪೆಕ್ಟರ್ ಕನ್ನಡಿ ಮುಂದೆ ನಿಂತು ತನ್ನ ಸಸ್ಪೆನ್ಷನ್, ವಿಚ್ಛೇದನ, ಕುಡಿತ ಎಲ್ಲ ನೆನೆಯುವ ಪುಟ ಹೋಗಲಿ. ನಿರ್ದೇಶಕ ಹಿಚ್‌ಕಾಕ್‌ನ 1954ರ ಸಿನಿಮಾ 'ರಿಯರ್ ವಿಂಡೋ' ಆರಂಭ ನೋಡಿ. ಪ್ಲಾಸ್ಟರ್ ಹಾಕಿದ ಕಾಲು, ಮುರಿದ ಕ್ಯಾಮೆರಾ, ಗೋಡೆಯ ಮೇಲೆ ರೇಸ್ ಕಾರಿನ ಅಪಘಾತದ ಫೋಟೋ. ಒಂದು ಮಾತಿಲ್ಲದೆ ನಾಯಕನ ಕೆಲಸ, ಸ್ವಭಾವ, ಕಾಲು ಮುರಿದ ಬಗೆ ಎಲ್ಲ ತಿಳಿಯುತ್ತದೆ. ನಿಮ್ಮ ಇನ್‌ಸ್ಪೆಕ್ಟರ್‌ಗೂ ಅಂಥ ಎರಡು ವಸ್ತು ಹುಡುಕಿ. ಖಾಲಿ ಬಾಟಲಿ ಮಾತ್ರ ಬೇಡ, ದಯವಿಟ್ಟು.

ಕೊನೆಗೆ 'ಮೂರು ದಿನಗಳ ಹಿಂದೆ'. ಹೆಣ ತೋರಿಸಿ ಫ್ಲ್ಯಾಶ್‌ಬ್ಯಾಕ್‌ಗೆ ಹಾರಿದ್ದೀರಿ. ಆಮೇಲೆ ಇಪ್ಪತ್ತು ಪುಟ ಆಫೀಸಿನ ಹರಟೆ. ಆರ್ಸನ್ ವೆಲ್ಸ್‌ನ ಸಿನಿಮಾ 'ಟಚ್ ಆಫ್ ಈವಿಲ್' (1958) ಶುರುವಾಗುವುದೇ ಕಾರಿನ ಡಿಕ್ಕಿಯಲ್ಲಿ ಟೈಮ್ ಬಾಂಬ್ ಇಡುವುದರಿಂದ. ಕಾರು ಜನರ ನಡುವೆ ಸಾಗುತ್ತದೆ, ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಒಂದೂ ಕಟ್ ಇಲ್ಲ. ಬಾಂಬ್ ಇರೋದು ನಮಗೆ ಗೊತ್ತು. ಕಾರಿನಲ್ಲಿ ಕೂತವರಿಗೆ ಗೊತ್ತಿಲ್ಲ. ಅದಕ್ಕೇ ಪಕ್ಕದಲ್ಲಿ ಯಾರು ಏನು ಹರಟಿದರೂ ನಮಗೆ ಎದೆ ಡವಡವ. ನಿಮ್ಮ ಹರಟೆಗೆ ಆ ಬಲ ಇಲ್ಲ, ಯಾಕೆಂದರೆ ಸತ್ತವರು ಯಾರು ಅನ್ನೋದನ್ನೇ ಮುಚ್ಚಿಟ್ಟಿದ್ದೀರಿ. ಹೆಸರು ಹೇಳಿಬಿಡಿ. ಆ ಹೆಸರಿನವರು ಆಫೀಸಿನಲ್ಲಿ ರಜೆ ಕೇಳುತ್ತಾ ನಿಂತಿರಲಿ. ಮಾತು ಅದೇ ಇದ್ದರೂ ಓದೋದೇ ಬೇರೆ ಥರ ಆಗುತ್ತದೆ, ಅಲ್ವಾ?

ತಿದ್ದಿದ ಮೇಲೆ ಮೊದಲ ಎಂಟು ಪುಟ ಮಾತ್ರ ಕಳಿಸಿ. 'ಕಟ್ ಟು', 'ಫೇಡ್ ಔಟ್' ಎಲ್ಲ ತೆಗೆದುಬಿಡಿ, ಒಂದು ಸಾಲು ಖಾಲಿ ಬಿಟ್ಟರೆ ಆಯ್ತು. ಮತ್ತೆ, ಆ ತೊಳೆದ ಕಪ್ ಒಣಗಿತ್ತೋ, ಇನ್ನೂ ಒದ್ದೆಯಿತ್ತೋ? ನೀವು ಬರೆದಿಲ್ಲ.

ನಿಮ್ಮ,
ಸಂಪಾದಕ