ಅರ್ಧಾಯುಷ್ಯದ ಲೆಕ್ಕ: ಎಷ್ಟು ಸಲ ಅರ್ಧ ಆಯಿತು ಅಂತ ಎಣಿಸಿ

ಇದ್ದಿಲಿನ ಚೂರಿನಲ್ಲಿ ಕಾರ್ಬನ್-14 (ಕಾಲ ಕಳೆದಂತೆ ತಾನಾಗಿ ಒಡೆಯುವ ಒಂದು ಬಗೆಯ ಕಾರ್ಬನ್) ಎಂಟರಲ್ಲಿ ಒಂದು ಪಾಲು ಉಳಿದಿದೆ, ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆಯಲು ಹಿಡಿಯುವ ಕಾಲ, 5730 ವರ್ಷ, ಹಾಗಾದರೆ ಇದ್ದಿಲಿನ ವಯಸ್ಸಿಗೆ 5730ನ್ನು 8ರಿಂದ ಗುಣಿಸಬೇಕಾ ಅಂತ ಕೇಳಿದ್ದೀರಿ. ನಮ್ಮ ಕೊಡಗಿನ ಬಂಡೆಗಳ ವಯಸ್ಸನ್ನೂ ಹೀಗೇ ಕಂಡುಹಿಡಿಯಬಹುದಾ ಅಂತಲೂ ಕೇಳಿದ್ದೀರಿ.

8ರಿಂದ ಗುಣಿಸಬೇಡಿ. 3ರಿಂದ ಗುಣಿಸಿ. ಉತ್ತರ 17,190 ವರ್ಷ.

ನಾನು ವಿರಾಜಪೇಟೆ ಹತ್ತಿರ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಈ ತಪ್ಪನ್ನು ಪ್ರತಿ ವರ್ಷ ನೋಡುತ್ತೇನೆ. ಸೂತ್ರ ಬಾಯಿಪಾಠ ಮಾಡಿಸಿದರೆ ಇದು ಹೋಗುವುದಿಲ್ಲ. ಅದಕ್ಕೇ ಮೊದಲು ಒಂದು ತಟ್ಟೆ ಮತ್ತು ಒಂದು ಹಿಡಿ ಕಾಫಿ ಬೀಜ ತರಿಸುತ್ತೇನೆ. ಬೀಜಕ್ಕೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು ಇರುತ್ತದಲ್ಲ. ಪೀಬೆರಿ ಬೇಡ, ಅದು ಉರುಟು. ನೂರು ಬೀಜ ಎಣಿಸಿ ತಟ್ಟೆಗೆ ಸುರಿಯಿರಿ. ಚಪ್ಪಟೆ ಕಡೆ ಮೇಲಾಗಿ ಬಿದ್ದವನ್ನು ತೆಗೆದಿಡಿ. ಉಳಿದವನ್ನು ಮತ್ತೆ ಸುರಿಯಿರಿ. ಮೊದಲ ಸಲ ಜಾಸ್ತಿ ಹೋಗುತ್ತವೆ, ಆಮೇಲೆ ಕಡಿಮೆ ಕಡಿಮೆ ಆಗುತ್ತಾ ಬರುತ್ತದೆ. ಬೀಜ ಬದಲಾಗಿಲ್ಲ, ರಾಶಿ ಚಿಕ್ಕದಾಗಿದೆ ಅಷ್ಟೇ. ಸರಿಯಾಗಿ ಅರ್ಧರ್ಧ ಬೇಕಾದರೆ ನಾಣ್ಯ ಬಳಸಿ, ಆದರೆ ಬೀಜದಲ್ಲೂ ವಿಷಯ ಅರ್ಥವಾಗುತ್ತದೆ. ಪರಮಾಣುಗಳೂ ಹಾಗೇ. ಯಾವುದು ಯಾವಾಗ ಒಡೆಯುತ್ತದೆ ಅಂತ ಯಾರೂ ಹೇಳಲಾರರು. ಆದರೆ ದೊಡ್ಡ ರಾಶಿಯಲ್ಲಿ, ಒಂದು ಅರ್ಧಾಯುಷ್ಯ ಕಳೆದಾಗ, ಆಗ ಉಳಿದಿದ್ದರಲ್ಲಿ ಅರ್ಧ ಹೋಗಿರುತ್ತದೆ.

ಈಗ ನಿಮ್ಮ ಲೆಕ್ಕ. ಒಂದು, ಅರ್ಧ, ಕಾಲು, ಅರೆಕಾಲು. ಮೂರು ಸಲ ಅರ್ಧವಾಯಿತು. 3 × 5730 = 17,190.

ಪರೀಕ್ಷೆಯಲ್ಲಿ ಇದನ್ನೇ ತಿರುಗಿಸಿ '87.5% ಒಡೆದುಹೋಗಿದೆ' ಅಂತ ಕೊಡುತ್ತಾರೆ. ಹೋಗಿದ್ದೆಷ್ಟು, ಉಳಿದಿದ್ದೆಷ್ಟು ಅಂತ ಮೊದಲು ಬರೆದುಕೊಳ್ಳಿ. ಉಳಿದಿದ್ದು 12.5%, ಅಂದರೆ ಅದೇ ಅರೆಕಾಲು.

30% ಉಳಿದಿದೆ ಅಂದರೆ? ಬೆರಳಲ್ಲಿ ಎಣಿಸಲು ಬರುವುದಿಲ್ಲ, ಲಾಗ್ ಬೇಕು. 100/30ರ ಲಾಗ್ 0.523. ಅದನ್ನು 2ರ ಲಾಗ್ ಆದ 0.301ರಿಂದ ಭಾಗಿಸಿದರೆ ಸುಮಾರು 1.737. ಅಷ್ಟು ಅರ್ಧಾಯುಷ್ಯ ಕಳೆದಿದೆ. 5730ರಿಂದ ಗುಣಿಸಿದರೆ ಸುಮಾರು 9,950 ವರ್ಷ. 30% ಅನ್ನುವುದು ಅರ್ಧಕ್ಕೂ ಕಾಲಿಗೂ ನಡುವೆ ಇದೆ, ಹಾಗಾಗಿ ಉತ್ತರ 5730ಕ್ಕೂ 11,460ಕ್ಕೂ ನಡುವೆಯೇ ಬರಬೇಕು. ಹೀಗೆ ತಾಳೆ ನೋಡದೆ ಮುಂದಿನ ಲೆಕ್ಕಕ್ಕೆ ಹೋಗಬೇಡಿ.

ಇನ್ನು ಬಂಡೆ. ಕಾರ್ಬನ್-14 ಇಲ್ಲಿ ಉಪಯೋಗಕ್ಕೆ ಬಾರದು. ಅದು ಒಂದು ಕಾಲದಲ್ಲಿ ಜೀವ ಇದ್ದ ವಸ್ತುಗಳಿಗೆ ಮಾತ್ರ: ಮರ, ಮೂಳೆ, ಇದ್ದಿಲು. ಅದರಲ್ಲೂ 50,000 ವರ್ಷ ಕಳೆದರೆ 0.25% ಕೂಡ ಉಳಿದಿರುವುದಿಲ್ಲ. ಕೊಡಗಿನ ಹಲವು ಬಂಡೆಗಳ ವಯಸ್ಸು 300 ಕೋಟಿ ವರ್ಷದ ಆಸುಪಾಸು. ಅಂಥದ್ದಕ್ಕೆ ನಿಧಾನವಾಗಿ ಒಡೆಯುವ ಯುರೇನಿಯಂ ಬೇಕು. ಬಂಡೆಯೊಳಗೆ ಜಿರ್ಕಾನ್ ಅನ್ನುವ ಸಣ್ಣ ಹರಳುಗಳಿರುತ್ತವೆ. ಅವು ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತವೆ, ಸೀಸವನ್ನು ಹೆಚ್ಚು ಕಡಿಮೆ ಒಳಗೇ ಬಿಡುವುದಿಲ್ಲ. ಹಾಗಾಗಿ ಈಗ ಅದರೊಳಗೆ ಸಿಗುವ ಸೀಸ ಯುರೇನಿಯಂ ಒಡೆದು ಬಂದದ್ದು. ಎಷ್ಟು ಚೆನ್ನಾದ ಗಡಿಯಾರ ಅಲ್ವಾ!

ಇಲ್ಲೊಂದು ಕಡೆ ಜೋಪಾನವಾಗಿರಿ. ಯುರೇನಿಯಂ-235ರ ಅರ್ಧಾಯುಷ್ಯ ಸುಮಾರು 70.4 ಕೋಟಿ ವರ್ಷ. ಹರಳಿನಲ್ಲಿ ಅದರ ಒಂದು ಪರಮಾಣುವಿಗೆ ಏಳು ಸೀಸ-207 ಪರಮಾಣು ಇವೆ ಅಂತ ಕೊಟ್ಟರೆ, ಉಳಿದಿದ್ದು ಏಳರಲ್ಲಿ ಒಂದು ಪಾಲು ಅಂತ ಬರೆಯಬೇಡಿ. ಆ ಏಳೂ ಮೊದಲು ಯುರೇನಿಯಂ ಆಗಿದ್ದವು. ಶುರುವಿನಲ್ಲಿ ಎಂಟು ಇತ್ತು, ಈಗ ಒಂದು. ಮತ್ತೆ ಮೂರೇ ಸಲ ಅರ್ಧ: ಸುಮಾರು 211 ಕೋಟಿ ವರ್ಷ.